ಹಸಿ ಮೈಯ ಸುದ್ದಿ

ಶ್ರಾವಣ ಶುಕ್ರವಾರ ಸ್ನೊಕ್ವಾಲ್ಮಿ ಎಂಬ ಇಲ್ಲಿನ ಊರಿನಲ್ಲಿರುವ, ನನ್ನ ಗಂಡ ವಿನಯನ ಚಿಗವ್ವ ಕಮಲವ್ವನ ಮನೆಗೆ ಹೋಗಿದ್ದೆವು. ಪೂಜೆ ಮುಗಿದ ಮೇಲೆ ಚಿಗವ್ವ ಮುತ್ತೈದೆಯರಿಗೆಲ್ಲ ಉಡಿ ತುಂಬುತ್ತ ಬಂದರು. ನಾನೂ ಸೆರಗು ಒಡ್ಡಿ ಕೂತೆ. ಅವರು ಅಕ್ಕಿಯ ತಟ್ಟೆ ಹಿಡಿದು ನನ್ನ ಮುಂದೆ ನಿಂತು ಕನಿಕರದಿಂದ ತಲೆ ಅಲ್ಲಾಡಿಸಿದರು.

“ನಿನಗ ಈಗ ಬ್ಯಾಡವಾ ಸ್ವಪ್ನಾ. ಹಸಿ ಮೈ ಐತಿ. ಮುಂದಿನ ಸಲ ತುಂಬ್ತೀನಿ.”

ಒಡ್ಡಿದ ಸೆರಗನ್ನು ಹಾಗೇ ಮಡಚಿಕೊಂಡೆ. ಸುತ್ತ ಕೂತವರಲ್ಲಿ ಒಬ್ಬರಿಗೂ ಆಶ್ಚರ್ಯವಾಗಲಿಲ್ಲ. ಅಂದರೆ ಎಲ್ಲರಿಗೂ ಗೊತ್ತಿತ್ತು. ನನ್ನ ಗರ್ಭ ಹೋದದ್ದು ಹಿಂದಿನ ತಿಂಗಳು. ನಾನು ಅತ್ತು ಮುಗಿಸುವವರೆಗೆ ಯಾರಿಗೂ ಹೇಳುವುದು ಬೇಡ ಎಂದು ವಿನಯನಿಗೆ ಹೇಳಿದ್ದೆ, ಅವನು ಹೂಂ ಅಂದಿದ್ದ. ಮನೆಗೆ ಬಂದವರೆಲ್ಲ ‘ಇನ್ನೊಂದು ಆಗ್ತದ ಬಿಡವಾ’ ಅನ್ನುವುದನ್ನು ಕೇಳುವ ಶಕ್ತಿ ನನಗಿರಲಿಲ್ಲ.

ಥಟ್ಟನೆ ನೆನಪಾದವಳು ನಿಕಿತಾ. ನಾನು ಹೋದ ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗಿ. ಅಂದು ಪೂಜೆಯಲ್ಲಿ ಚಿಗವ್ವನ ಮಗ್ಗುಲಲ್ಲೇ ಕೂತಿದ್ದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನನ್ನು ನೋಡಿಯೂ ಇದ್ದಳು. ಇನ್ನೇನು ಬೇಕು? ನನ್ನ ದಾಖಲೆ ನೋಡಿ ಸುದ್ದಿ ಹಬ್ಬಿಸಿದ್ದಾಳೆ ಎಂದು ಸೋಮವಾರವೇ ಆಸ್ಪತ್ರೆಗೆ ದೂರು ಕೊಟ್ಟೆ. ವಿಚಾರಣೆ ಮುಗಿಯುವವರೆಗೆ ಅವಳನ್ನು ಮನೆಯಲ್ಲಿ ಕೂರಿಸಿದರು.

“ಆಗಿದ್ದು ಆತು, ದೂರು ವಾಪಸ್ ತಗೋ,” ಅಂದ ವಿನಯ. “ಆಕಿ ವೀಸಾ ಮ್ಯಾಲೆ ಅದಾಳ. ಕೆಲಸ ಹೋದ್ರ ಏನ್ ಮಾಡ್ತಾಳ?”

“ನನ್ನ ಹೊಟ್ಟಿ ಸುದ್ದಿ ಹಂಚೂ ಮುಂದ ಆಕಿಗೆ ಅದು ನೆನಪಿರಲಿಲ್ಲೇನು?”

ಊರವರ ಮೇಲೆ ಎಷ್ಟು ಕರುಣೆ ನೋಡಿ ನನ್ನ ಗಂಡನಿಗೆ! ನನಗೆ ಮೈಯೆಲ್ಲ ಉರಿದುಹೋಯಿತು.

ದೂರನ್ನು ವಿಚಾರಿಸುತ್ತಿದ್ದ ಆಸ್ಪತ್ರೆಯ ಮಹಿಳಾ ಅಧಿಕಾರಿ ಫೋನ್ ಮಾಡಿದಾಗ ನಾನು ಚಪಾತಿ ಲಟ್ಟಿಸುತ್ತಿದ್ದೆ. ವಿನಯನೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ನಿಮಗೆ ಚಿಕಿತ್ಸೆ ಕೊಟ್ಟವರನ್ನು ಬಿಟ್ಟು ಬೇರೆ ಯಾರೂ ನಿಮ್ಮ ದಾಖಲೆ ತೆರೆದಿಲ್ಲ, ನಿಕಿತಾ ಅಂತೂ ಮುಟ್ಟಿಯೇ ಇಲ್ಲ, ಎಂದಳು ಆಕೆ. ನಾನು ವಿನಯನತ್ತ ತಿರುಗಿದೆ. ಅವನು ನೆಲ ನೋಡುತ್ತಿದ್ದ.

“ಅವ್ವಗಷ್ಟ ಹೇಳಿದ್ದೆ,” ಅಂದ. “ಅವ್ವ ಚಿಗವ್ವಗ ಹೇಳ್ಯಾಳ.”

“ಏನಂತ ಹೇಳಿದಿ?”

“ದಿನಾ ಕೆಲಸಕ್ಕಂತ ಕ್ಯಾನ್ಯನ್ ಪಾರ್ಕ್ ತನಕ ಡ್ರೈವ್ ಮಾಡ್ತಿದ್ಲು, ಬ್ಯಾಡಂದ್ರೂ ಕೇಳಲಿಲ್ಲ, ಅಂತ.”

ಇದು ನೀವು ಮಾಡಿದ ಯಾವುದರಿಂದಲೂ ಆದದ್ದಲ್ಲ ಎಂದು ಡಾಕ್ಟರ್ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಆ ಮಾತು ಮಾತ್ರ ಗದಗಿನಲ್ಲಿರುವ ಅತ್ತೆಯನ್ನು ತಲುಪಲಿಲ್ಲ. ತಪ್ಪು ನನ್ನ ತಲೆಗೆ ಕಟ್ಟಿ ತಾಯಿಯ ಹತ್ತಿರ ಸಮಾಧಾನ ಪಡೆದವನು, ಏನೂ ಮಾಡದ ಹುಡುಗಿ ಕೆಲಸ ಬಿಟ್ಟು ಮನೆಯಲ್ಲಿ ಕೂತಾಗಲೂ ಬಾಯಿಗೆ ಬೀಗ ಹಾಕಿಕೊಂಡಿದ್ದ. ಅವನ ಮುಖ ನೋಡಿ ನನಗೆ ಹೇಸಿಗೆ ಬಂತು.

ಫೋನಿನಲ್ಲಿ ಆಕೆ ಇನ್ನೂ ಕಾಯುತ್ತಿದ್ದಳು.

“ನಿಕಿತಾಳನ್ನು ಕೆಲಸಕ್ಕೆ ಕರೆಸಿ. ನಾನೇ ಅವಳ ಕ್ಷಮೆ ಕೇಳುತ್ತೇನೆ,” ಎಂದೆ. “ಹೇಳಿದವನು ನನ್ನ ಗಂಡ. ಅವನ ಮೇಲೆ ದೂರು ಕೊಡಬಹುದೇ?”

“ನಮ್ಮ ನಿಯಮಗಳು ಕುಟುಂಬದವರಿಗೆ ಅನ್ವಯಿಸುವುದಿಲ್ಲ. ಆದರೆ ಇನ್ನು ಮುಂದೆ ನಿಮ್ಮ ವಿಷಯವನ್ನು ನಾವು ಯಾರಿಗಾದರೂ ಹೇಳಬಾರದು ಎಂದಿದ್ದರೆ ತಿಳಿಸಿ. ಅದು ನಿಮ್ಮ ಹಕ್ಕು.”

ವಿನಯನ ಕಣ್ಣಲ್ಲಿ ಕಣ್ಣಿಟ್ಟು ಅವನ ಪೂರ್ತಿ ಹೆಸರು ಹೇಳಿದೆ.

“ಸ್ವಪ್ನಾ, ಏನಿದು?” ಅಂದ ಅವನು.

ನಿಮಗೆ ಏನಾಗಬೇಕು ಅವರು, ಎಂದು ಆಕೆ ಕೇಳಿದಳು. ಏನೂ ಆಗಬೇಕಿಲ್ಲ, ಎಂದೆ.