ಎಂಟನೇ ಮಹಡಿಯ ನೆರಳು

ನಗರ ಯೋಜನಾ ಕಚೇರಿಯಲ್ಲಿ ಸೊಸೆಯ ಕೆಲಸವೆಂದರೆ ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ಹಿಡಿಸುವುದು. ಊರು ಹೊಲಗಳನ್ನು ನುಂಗಬಾರದೆಂದರೆ ಮೇಲಕ್ಕೇ ಬೆಳೆಯಬೇಕು ಎಂದು ಅವಳು ಮನಸಾರೆ ನಂಬಿದ್ದಳು. ಜತೆಗೆ ಹಟ ಹಿಡಿದು ಒಂದು ನಿಯಮವನ್ನೂ ಸೇರಿಸಿದ್ದಳು: ಚಳಿಗಾಲದಲ್ಲೂ ಪ್ರತಿ ಮನೆಗೆ ಎರಡು ಗಂಟೆ ಬಿಸಿಲು ಸಿಗಬೇಕು.

ಅವಳ ಮನೆಯ ಎದುರಿಗೇ ಎಂಟು ಮಹಡಿಯ ಕಟ್ಟಡ ಏಳುತ್ತಿತ್ತು. ಒಪ್ಪಿಗೆ ಕೊಟ್ಟವಳೂ ಅವಳೇ.

ಮಂಡಿನೋವಿನ ಅತ್ತೆ ಹಗಲೆಲ್ಲ ಕಿಟಕಿಯ ಬಳಿ ಕೂರುತ್ತಿದ್ದರು. ಏಳನೇ ಮಹಡಿ ಮುಗಿದ ವಾರ ಊಟಕ್ಕೆ ಕೂತಾಗ ಹೇಳಿದರು: "ಇವತ್ತು ಬಿಸಿಲು ನಲವತ್ತೇ ನಿಮಿಷ."

"ಎರಡು ಗಂಟೆ ಹತ್ತು ನಿಮಿಷ, ಅತ್ತೆ. ಕಂಪ್ಯೂಟರ್ ಲೆಕ್ಕ ಹಾಕಿದೆ."

"ಹಾಕಿರ್ಲಿ. ಅದರ ಮಂಡಿ ನೋಯಲ್ವಲ್ಲ."

ಗಂಡ ಅನುಭವಸ್ಥ. ತಟ್ಟೆ ತೊಳೆಯಲು ಎದ್ದು ಹೋದ.

ಮರುದಿನ ಸೊಸೆ ರಜೆ ಹಾಕಿ ಅತ್ತೆಯ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತಳು. ಅವರ ಮಾತನ್ನು ಸುಳ್ಳು ಮಾಡುವುದೇ ಉದ್ದೇಶ. ಬಿಸಿಲು ಹನ್ನೊಂದಕ್ಕೆ ಬಂತು, ಹನ್ನೊಂದೂ ನಲವತ್ತಕ್ಕೆ ಹೋಯಿತು. ಅತ್ತೆ ಮಂಡಿಯ ಮೇಲೆ ಶಾಲು ಎಳೆದುಕೊಂಡರು. ಬೈದಿದ್ದರೇ ವಾಸಿಯಿತ್ತು.

ಕಚೇರಿಯ ಕಡತದಲ್ಲಿ ರಸ್ತೆಯ ಅಗಲ ಹದಿನೆಂಟು ಮೀಟರ್ ಎಂದಿತ್ತು. ಟೇಪು ಹಿಡಿದರೆ ಹನ್ನೆರಡು. ತಪ್ಪು ಅಂಕಿಯ ಕೆಳಗೆ ಅವಳದೇ ಸಹಿ, ಅದೂ ಮುದ್ದಾದ ಅಕ್ಷರದಲ್ಲಿ. ಕಡತ ಹಿಡಿದು ಮೇಲಧಿಕಾರಿಯ ಬಳಿ ಹೋದಳು.

"ಯಾರಿಗೂ ಗೊತ್ತಾಗಿಲ್ಲ ತಾನೇ?" ಎಂದರು ಮೇಲಧಿಕಾರಿ.

"ನಮ್ಮತ್ತೆಗೆ ಗೊತ್ತಾಗಿದೆ."

ಮೇಲಧಿಕಾರಿಗೂ ಅತ್ತೆಯಿದ್ದರು. ಕೆಲಸ ನಿಲ್ಲಿಸಲು ಆದೇಶ ಬರೆದರು. ಅವಳಿಗೊಂದು ಎಚ್ಚರಿಕೆ ಪತ್ರವನ್ನೂ ಬರೆದರು.

ಕಟ್ಟಡದವನು ಕೆಂಡವಾಗಿ ಬಂದ. "ಮೇಲಿನ ಒಂಬತ್ತು ಮನೆಯವರನ್ನ ಎಲ್ಲಿಡ್ಲಿ? ನಿಮ್ಮ ತಲೆ ಮೇಲಾ?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಆ ಒಂಬತ್ತು ಕುಟುಂಬಗಳು ಮನೆಗಾಗಿ ನಾಲ್ಕು ವರ್ಷದಿಂದ ಕಾದಿದ್ದವು. ಮೂರು ವಾರ ಅವಳು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕೊನೆಗೆ ಕಟ್ಟಡದ ಹಿತ್ತಲು ಕಣ್ಣಿಗೆ ಬಿತ್ತು. ದಿನವಿಡೀ ಬಿಸಿಲು ಬೀಳುವ ಆ ಜಾಗವನ್ನು ಕಾರುಗಳಿಗೆಂದು ಬಿಟ್ಟಿದ್ದರು.

ಎಂಟನೇ ಮಹಡಿ ರದ್ದಾಯಿತು. ಏಳನೆಯದರ ಮುಂಭಾಗ ಕೆಡವಿದರು. ಹಿತ್ತಲಲ್ಲಿ ಮೂರು ಮಹಡಿಯಲ್ಲಿ ಒಂಬತ್ತು ಮನೆ ಎದ್ದವು. ಕಾರಿನವರಿಗೆ ಅವಳು ಬಸ್ ನಿಲ್ದಾಣ ತೋರಿಸಿದಳು. ಅವರು ಇಂದಿಗೂ ಅವಳೊಂದಿಗೆ ಮಾತು ಬಿಟ್ಟಿದ್ದಾರೆ.

ಎದುರಿನ ಎರಡನೇ ಮಹಡಿಗೆ ನಿವೃತ್ತ ದರ್ಜಿಯೊಬ್ಬಳು ಬಂದಳು. ಅವಳೂ ಹಗಲೆಲ್ಲ ಕಿಟಕಿಯಲ್ಲೇ. ಮೊದಲ ವಾರ ಅತ್ತೆಯೂ ಅವಳೂ ನೋಡದವರಂತೆ ನೋಡಿಕೊಂಡರು. ಎರಡನೇ ವಾರ ಕಿಟಕಿಯಿಂದ ಕಿಟಕಿಗೇ ಮಾತಿಗಿಳಿದರು.

ಬೇಸಿಗೆ ಏರಿದಾಗ ಸೊಸೆ ಕೇಳಿದಳು: "ಧಗೆ ಹೊಡೀತಿದೆ, ಪರದೆ ಎಳೀಲಾ ಅತ್ತೆ?"

"ಸುಮ್ನಿರೇ, ಅವಳ ಮಗಳ ಮದುವೆ ಕಥೆ ಅರ್ಧಕ್ಕೆ ಬಂದಿದೆ."