ಮೆರುಗು ಬಿದ್ದ ಕಾರ್ಡು

ನನ್ನ ಬಾಯಿ ಜೋರು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಶೆಡ್ಡಿನ ಎದುರು ಟೀ ಮಾರುವವನನ್ನು ಕೇಳಿದರೂ ಹೇಳುತ್ತಾನೆ. ಮುಕ್ತಿಯಾರಣ್ಣನಿಗೆ ಬೈದಷ್ಟು ನಾನು ಇನ್ನಾರಿಗೂ ಬೈದಿಲ್ಲ. ಅವನ ಮೇಲಿರುವಷ್ಟು ಪ್ರೀತಿ ನನಗೆ ಒಡಹುಟ್ಟಿದವರ ಮೇಲೂ ಇಲ್ಲ.

ನಮ್ಮದು ಹಳೇ ಯಂತ್ರಗಳ ಕಾರ್ಡು ರಿಪೇರಿ ಮಾಡುವ ಕೆಲಸ. ಕಾರ್ಖಾನೆಗಳಲ್ಲಿ ಹಬೆಯಿಂದ ತಿರುಗುವ ಟರ್ಬೈನ್ ಇರುತ್ತದಲ್ಲ, ಅದು ಎಷ್ಟು ವೇಗವಾಗಿ ತಿರುಗಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವುದು ಒಂದು ಪ್ರೊಸೆಸರ್ ಕಾರ್ಡು. ಟರ್ಬೈನ್ ನಲವತ್ತು ವರ್ಷ ಬಾಳುತ್ತದೆ, ಕಾರ್ಡು ಮಾಡುವ ಕಂಪನಿ ಇಪ್ಪತ್ತಕ್ಕೇ ಕೈ ಎತ್ತಿಬಿಡುತ್ತದೆ. ಆಮೇಲೆ ನಮ್ಮಂಥವರೇ ಗತಿ. ನಾನು ಬೆಸುಗೆ ಹಾಕುತ್ತೇನೆ. ಕೊನೆಯಲ್ಲಿ ತೇವ, ದೂಳು ತಾಗದ ಹಾಗೆ ಮುಕ್ತಿಯಾರಣ್ಣ ವಾರ್ನಿಶ್ ಬಳಿಯುತ್ತಾನೆ. ಅವನು ಚನ್ನಪಟ್ಟಣದಲ್ಲಿ ಇಪ್ಪತ್ತೈದು ವರ್ಷ ಬೊಂಬೆಗಳಿಗೆ ಅರಗಿನ ಬಣ್ಣ ಕೊಟ್ಟವನು. ಅಲ್ಲಿ ಕೆಲಸ ಕಡಿಮೆಯಾದ ಮೇಲೆ ನಮ್ಮ ಶೆಡ್ಡಿಗೆ ಬಂದ.

ಎರಡು ಸಾವಿರದ ಏಳರಲ್ಲಿ ಬಿಡದಿ ಕಡೆಯ ಕಾರ್ಖಾನೆಯೊಂದರ ಕಾರ್ಡು ನಮ್ಮಲ್ಲಿಗೆ ಬಂತು. ಅಂಥದ್ದು ಅವರಲ್ಲಿ ಇದ್ದದ್ದು ಅದೊಂದೇ. ನಾನು ಕೆಟ್ಟ ಚಿಪ್ ಬದಲಿಸಿದೆ, ಅಣ್ಣ ವಾರ್ನಿಶ್ ಬಳಿದ, ಕಳಿಸಿದೆವು. ಮಾರನೇ ದಿನವೇ ಫೋನು ಬಂತು. ಕಾರ್ಡಿಗೆ ಜೀವವೇ ಇಲ್ಲವಂತೆ, ಟರ್ಬೈನ್ ನಿಂತೇ ಇದೆಯಂತೆ. ನಮ್ಮ ಮಾಲೀಕ ಮನೋಹರ್, ನನಗಿಂತ ಚಿಕ್ಕವನು, ನಮ್ಮಿಬ್ಬರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಹೊರಟ.

ಗೇಟಿನಲ್ಲಿ ಇಳಿಯುವಾಗ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದ. "ಲತಕ್ಕ, ಕಾರ್ಡು ಕೆಟ್ಟಿದೆ ಅಂತ ಫೋನು ಬಂದಿರೋದು ಇದು ಮೂರನೇ ಸಲ. ಅಣ್ಣನ ಕೈ ಮೊದ್ಲಿನಂಗಿಲ್ಲ. ಇವತ್ತೂ ತಪ್ಪು ಅವರದೇ ಆದ್ರೆ, ಆ ಜಾಗಕ್ಕೆ ಬೇರೆಯವರನ್ನ ನೋಡ್ತೀನಿ."

ನಾನು ಒಳಗೆ ಹೋಗಿ ಪ್ಯಾನಲ್ಲಿನಿಂದ ಕಾರ್ಡು ಎಳೆದು ನೋಡಿದೆ. ಕಾರ್ಡಿನ ಒಂದು ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಪಟ್ಟಿಗಳ ಸಾಲು ಇರುತ್ತದೆ. ಕರೆಂಟು ಹೋಗಿ ಬರುವುದು ಅದರಲ್ಲೇ. ಅದಕ್ಕೆ ವಾರ್ನಿಶ್ ತಾಗಬಾರದೆಂದು ಮೊದಲೇ ಟೇಪು ಅಂಟಿಸುತ್ತೇವೆ. ಈ ಕಾರ್ಡಿನಲ್ಲಿ ಪಟ್ಟಿಗಳ ಮೇಲೂ ಮದುವೆಮನೆ ಬೊಂಬೆಯ ಹಾಗೆ ಮೆರುಗು ಹೊಳೆಯುತ್ತಿತ್ತು. ಅಣ್ಣ ಮುಗಿಸಿದ್ದನ್ನು ತಿರುಗಿಸಿ ನೋಡುವ ಅಭ್ಯಾಸ ನನಗಿರಲಿಲ್ಲ, ಹಾಗೇ ಪ್ಯಾಕ್ ಮಾಡಿದ್ದೆ.

"ಏನಣ್ಣಾ ಇದು? ಕಣ್ಣು ಎಲ್ಲಿಟ್ಟಿದ್ದೆ?"

ಅವನು ತಲೆ ತಗ್ಗಿಸಿದ. "ಟೇಪು ಎದ್ದೋಗಿತ್ತೇನೋ ಲತಮ್ಮ. ಹೆಬ್ಬೆಟ್ಟಿಗೆ ಬೋಳು ಜಾಗ ಸಿಕ್ತು. ಬೊಂಬೇಲಿ ಹಂಗೆ ಬೋಳು ಬುಟ್ರೆ ಮಗೀನ ಬಾಯಿಗೆ ಸಿಬ್ರು ಚುಚ್ತದೆ. ಕೈ ತಾನಾಗೇ ಬಳಿದ್ಬುಡ್ತು."

"ಹೆಬ್ಬೆಟ್ಟಿಗೆ ಸಿಕ್ಕಿದ್ದು ಕಣ್ಣಿಗೆ ಕಾಣ್ನಿಲ್ವಾ?"

ಅವನು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದ, ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. ಆಗ ನನಗೆ ತಿಳಿಯಿತು.

"ಎಷ್ಟು ದಿನದಿಂದ?"

"ಮೂರು ವರ್ಸ ಆಯ್ತು. ಮಂಜು ಮುಚ್ಚಿದಂಗೆ ಐತೆ."

"ನಂಗ್ಯಾಕೆ ಹೇಳಲಿಲ್ಲ?"

"ನೀನು ಬೈತೀಯ ಅಂತ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡೂ ನನ್ನ ಮೇಲೆಯೇ. ಮೂರು ವರ್ಷ ಪಕ್ಕದಲ್ಲೇ ಕೂತು ಬುತ್ತಿ ಹಂಚಿಕೊಂಡು ತಿಂದಿದ್ದೇನೆ, ಅವನ ಕಣ್ಣು ಮಸುಕಾದದ್ದು ಗೊತ್ತಾಗಿರಲಿಲ್ಲ.

ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒಂದೊಂದೇ ಪಟ್ಟಿ ಉಜ್ಜಿದೆ. ಕಾರ್ಡು ಕೂರಿಸಿದಾಗ ಹಸಿರು ದೀಪಗಳು ಹತ್ತಿದವು. ಹತ್ತು ನಿಮಿಷ ಕಳೆದು ಕಾರ್ಡು ಬೆಚ್ಚಗಾಗುತ್ತಲೇ ಎಲ್ಲಾ ಆರಿಹೋದವು. ತಣ್ಣಗಾಗಲು ಬಿಟ್ಟು ಮತ್ತೆ ಹಾಕಿದೆ, ಮತ್ತೆ ಅದೇ ಗೋಳು. ಬಿಸಿಗೆ ಎಲ್ಲೋ ಒಂದು ಬೆಸುಗೆ ಬಿಟ್ಟುಕೊಳ್ಳುತ್ತಿತ್ತು. ಭೂತಗನ್ನಡಿ ಹಿಡಿದು ನಾನು ನೋಡಿದೆ, ಮನೋಹರ್ ನೋಡಿದ. ಬೆಸುಗೆಯ ಇನ್ನೂರು ಚುಕ್ಕೆಗಳಲ್ಲಿ ಯಾವುದೆಂದು ಇಬ್ಬರಿಗೂ ಸಿಗಲಿಲ್ಲ.

"ಒಸಿ ಇತ್ಲಾಗೆ ಕೊಡು," ಅಂದ ಅಣ್ಣ.

ಕಾರ್ಡನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಸಾಲು ಸಾಲಾಗಿ ಒತ್ತುತ್ತಾ ಬಂದ. ಬೊಂಬೆಗೆ ಬಣ್ಣ ಸರಿಯಾಗಿ ಕೂತಿದೆಯೇ ಎಂದು ಅವನು ಸವರಿ ನೋಡುತ್ತಿದ್ದದ್ದೂ ಹೀಗೇ ಇರಬೇಕು. ಒಂದು ಮೂಲೆಯಲ್ಲಿ ಬೆರಳು ನಿಂತಿತು.

"ಇದೊಂದು ಅಲ್ಲಾಡ್ತೈತೆ ನೋಡು."

ಅವನು ಒತ್ತಿ ಹಿಡಿದ ಕಡೆ ಭೂತಗನ್ನಡಿ ಇಟ್ಟೆ. ಕೂದಲೆಳೆಯಷ್ಟು ಸಣ್ಣ ಬಿರುಕು, ಬೆಸುಗೆಯ ಸುತ್ತ. ಅದನ್ನು ಕರಗಿಸಿ ಹೊಸದು ಹಾಕಿದೆ. ದೀಪಗಳು ಹತ್ತಿದವು. ಅರ್ಧ ಗಂಟೆಯಾದರೂ ಆರಲಿಲ್ಲ. ಆಮೇಲೆ ಹಬೆ ಬಿಟ್ಟರು. ಟರ್ಬೈನ್ ನಿಧಾನವಾಗಿ ತಿರುಗತೊಡಗಿ, ಕಾಲ ಕೆಳಗಿನ ನೆಲ ಗುಂಯ್‌ಗುಟ್ಟಿತು.

ಅಣ್ಣನ ಕಣ್ಣಿನ ವಿಷಯ ಮನೋಹರ್‌ನಿಂದ ಮುಚ್ಚಿಡಬಹುದಿತ್ತು. ನನ್ನ ಬಾಯಿ ಅದಕ್ಕೆ ಒಗ್ಗುವುದಲ್ಲ.

"ಅಣ್ಣನ ಕಣ್ಣಿಗೆ ಪೊರೆ ಬಂದೈತೆ," ಅಂದೆ. "ವಾರ್ನಿಶ್ ಕೆಡಿಸಿದ್ದು ಅವನೇ. ಬಿರುಕು ಹುಡುಕಿದ್ದೂ ಅವನೇ. ನಮ್ಮಿಬ್ಬರ ನಾಕು ಕಣ್ಣಿಗೆ ಸಿಕ್ತೇನು? ಆಪರೇಷನ್ ಮಾಡಿಸ್ಕೊಂಡು ಬತ್ತಾನೆ, ರಜ ಕೊಡಿ. ಆ ಜಾಗದಲ್ಲಿ ಬೇರೆಯವರನ್ನ ಕೂರಿಸಿದ್ರೆ ನಾನೂ ಎದ್ದೋಯ್ತೀನಿ."

ಮನೋಹರ್ ಹಸಿರು ದೀಪಗಳ ಕಡೆ ಒಮ್ಮೆ ನೋಡಿದ. "ಒಂದು ತಿಂಗಳು ತಗೊಳ್ಳಲಿ. ಅಲ್ಲೀವರ್ಗೂ ವಾರ್ನಿಶ್ ನೀವೇ ಬಳೀರಿ," ಅಂದ.

ರಾಮನಗರದಲ್ಲಿ ಆಪರೇಷನ್ ಆಯಿತು. ತಿಂಗಳು ಕಳೆದ ಮೇಲೆ ಒಂದು ಸೋಮವಾರ, ಕಪ್ಪು ಕನ್ನಡಕ ಹಾಕಿಕೊಂಡು ಅಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ನನಗೆ ಎಷ್ಟು ಖುಷಿಯಾಯಿತೆಂದರೆ ಬೈಗುಳವೇ ಬಾಯಿಗೆ ಬಂತು.

"ಏನಣ್ಣಾ, ಹತ್ತು ಗಂಟೆಗಾ ಕೆಲಸಕ್ಕೆ ಬರೋದು? ಯಜಮಾನ ಆಗ್ಬುಟ್ಯಾ?"

ಅವನು ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದ.

"ಲತಮ್ಮ, ನೀನು ನಗ್ತಾ ಬೈತೀಯಲ್ಲವ್ವ."

"ಯಾವಾಗ್ಲೂ ಹಂಗೇ ತಾನೇ ಬೈಯೋದು?"

"ಮರ್ತೇ ಹೋಗಿತ್ತು. ಮೂರು ವರ್ಸದಿಂದ ನಂಗೆ ಬೈಗುಳ ಒಂದೇ ಸಿಕ್ತಿತ್ತು."

ನಾನು ಕಾರ್ಡನ್ನೂ ಟೇಪನ್ನೂ ಅವನ ಮುಂದಿಟ್ಟು, ಅವನು ಅಂಟಿಸುವುದನ್ನು ನೋಡುತ್ತಾ ಪಕ್ಕದಲ್ಲೇ ಕೂತೆ.