ಎರಡು ಗೇಣು ಬೆಳಕು

ರಬಕವಿಯ ಸೀರೆ ಪೇಟೆಯಲ್ಲಿ ಸಂಜಯನ ಹೆಸರು ಕೇಳಿದರೆ ಮಗ್ಗದವರು ಮಡಚಿಟ್ಟ ಸೀರೆಯನ್ನೂ ಇನ್ನೊಮ್ಮೆ ಬಿಚ್ಚಿ ನೋಡಿಕೊಳ್ಳುತ್ತಿದ್ದರು. ಅವನೇನು ಪೊಲೀಸನಲ್ಲ. ಒಂದು ಸೀರೆ ಅಂಗಡಿಯಲ್ಲಿ ಚೆಕಿಂಗ್ ಮಾಡುವವನು, ಅಷ್ಟೇ. ಪವರ್‌ಲೂಮಿನಿಂದ ಇಳಿದು ಬಂದ ಸೀರೆಯನ್ನು ಮೇಜಿನ ಮೇಲೆ ಹರವಿ, ಎರಡೂ ಕೈಯಿಂದ ಬಿಗಿಯಾಗಿ ಎಳೆದು ಹಿಡಿದು, ಎಲ್ಲಿ ಎಳೆ ಬಿಟ್ಟಿದೆ, ಎಲ್ಲಿ ಎಣ್ಣೆ ಕಲೆ ಕೂತಿದೆ, ಎಲ್ಲಿ ಬಣ್ಣ ಒಂದಕ್ಕೊಂದು ಕೂಡಿಲ್ಲ ಎಂದು ನೋಡಿ ಹೇಳುವುದು ಅವನ ಕೆಲಸ. "ದೇವರಿಗೆ ಉಡಸೋ ಸೀರಿ ಕೊಟ್ಟರೂ ಈ ಸಂಜ್ಯಾ ಐಬು ತಗೀತಾನ" ಎಂದು ನೇಕಾರರು ಬೈಯುತ್ತಿದ್ದರು. ಅವನಿಗೆ ಅದು ಹೊಗಳಿಕೆಯಾಗಿ ಕೇಳಿಸುತ್ತಿತ್ತು. ಮಹಾನುಭಾವ!

ಆಲಮಟ್ಟಿಯಲ್ಲಿ ಕರೆಂಟು ಹುಟ್ಟಲು ಶುರುವಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಹುಟ್ಟಿದ್ದೆಲ್ಲ ಯಾವ ಊರಿಗೆ ಹೋಗುತ್ತಿತ್ತೋ ಶಿವನೇ ಬಲ್ಲ, ನಮ್ಮ ಕಡೆಗಂತೂ ಸಂಜೆಯ ಹೊತ್ತಿನಲ್ಲಿ ಬರುತ್ತಿರಲಿಲ್ಲ. ಸೀರೆಗಳು ಅಂಗಡಿಗೆ ಬರುವುದೂ ಅದೇ ಹೊತ್ತಿಗೆ. ಸೀರೆ ಹಿಡಿಯಲು ಎರಡು ಕೈ ಬೇಕು, ಬೆಳಕು ಬಿಡುವ ಬ್ಯಾಟರಿ ಹಿಡಿಯಲು ಮೂರನೆಯದು ಎಲ್ಲಿಂದ ತರಬೇಕು? ಸಂಜಯ ಬ್ಯಾಟರಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದ. ಎರಡು ಸೆಲ್ಲಿನ ಸ್ಟೀಲಿನ ಬ್ಯಾಟರಿ ಅದು, ಅವನ ಅಪ್ಪ ಚನಮಲ್ಲಪ್ಪ ಸತ್ತಾಗ ಬಿಟ್ಟುಹೋದದ್ದು. ಒಂದು ದಿನ ರೊಟ್ಟಿ ಮುರಿಯುವಾಗ ಮುಂದಿನ ಹಲ್ಲು ಅಲುಗಾಡಿತು. ಇನ್ನು ಸಾಕು, ಜೇಬಿನಲ್ಲಿ ಹಿಡಿಯುವ, ಬಾಯಿಗೆ ಭಾರವಾಗದ ಒಂದು ಸಣ್ಣ ಬ್ಯಾಟರಿ ತೆಗೆದುಕೊಳ್ಳಬೇಕು ಎಂದು ಆವತ್ತು ನಿಶ್ಚಯ ಮಾಡಿದ.

ಬನಹಟ್ಟಿಯ ಸಂತೆಯಲ್ಲಿ ಕೀಲಿಗೊಂಚಲಿಗೆ ಹಾಕುವ ಸಣ್ಣದೊಂದು ಸಿಕ್ಕಿತು. ಹಗುರ, ಚಂದ, ಬೆಳಕೂ ಬೆಳ್ಳಗೆ ಕಣ್ಣು ಕುಕ್ಕುವಂಥದ್ದು. ಅದನ್ನು ಕಚ್ಚಿಕೊಂಡು ವಾರಗಟ್ಟಲೆ ಸೀರೆ ನೋಡಿದ. ಆಮೇಲೆ ಒಂದು ಬೆಳಿಗ್ಗೆ ಅಂಗಡಿಯ ಸಾಹುಕಾರರು ಅವನನ್ನು ಕರೆದು, ಅವನೇ ಪಾಸು ಮಾಡಿದ ಸೀರೆಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಮರೂನ್ ಅಂಚಿನ ನಡುವೆ ಕಂದು ಬಣ್ಣದ ಪಟ್ಟಿ. ನೀಲಿ ಬೆರೆತ ಆ ಬಿಳಿ ಬೆಳಕಿನಲ್ಲಿ ಎರಡೂ ಒಂದೇ ಆಗಿ ಕಂಡಿದ್ದವು. ಮೂರು ಹೊತ್ತೂ ಮಂದಿಯ ತಪ್ಪು ಹಿಡಿಯುವವನಿಗೆ ತನ್ನದೇ ತಪ್ಪು ಸಿಕ್ಕಿದರೆ ಹೇಗಾಗಬೇಡ! ಎರಡು ದಿನ ಅವನು ಊಟ ಸರಿಯಾಗಿ ಮಾಡಲಿಲ್ಲ.

ಅಲ್ಲಿಂದ ಮುಂದೆ ಜೇಬಿನಲ್ಲಿ ಮರೂನ್ ನೂಲಿನದೊಂದು, ಕಂದು ನೂಲಿನದೊಂದು ಉಂಡೆ ಇಟ್ಟುಕೊಂಡೇ ಅವನು ಬ್ಯಾಟರಿ ನೋಡಲು ಹೋಗುವುದು. ಮುಧೋಳದಲ್ಲಿ ನೋಡಿದ, ಅದರ ಬೆಳಕಿನ ನಡುವೆಯೇ ಕಪ್ಪು ಬೊಟ್ಟು. ಬೀಳಗಿಯಲ್ಲಿ ನೋಡಿದ, ಅದು ಜೇಬಿಗಿಂತ ಉದ್ದ. ಇತ್ತ ಅವನ ಅವ್ವ ಸಾವಿತ್ರೆವ್ವನಿಗೆ ತಲೆ ಕೆಟ್ಟುಹೋಗಿತ್ತು.

"ಬ್ಯಾಟರಿ ಆರಸಾಕ ಮೂರು ತಾಲೂಕು ತಿರಗ್ತಿ. ತೇರದಾಳಕ್ಕ ಕನ್ಯಾ ನೋಡಾಕ ಬಾ ಅಂದ್ರ ಕಾಲು ನೋಯ್ತಾವ ನಿನಗ. ಬ್ಯಾಟರಿ ರೊಟ್ಟಿ ಬಡದು ಹಾಕತೈತೇನೋ, ನಿನ್ನ ಬಾಯಾಗ ಮಣ್ಣು ಹಾಕ್ಲಿ!"

ಅವಳ ಸಿಟ್ಟಿಗೂ ಕಾರಣವಿತ್ತು. ಸೀರೆ ನೇಯುವ ಊರಿನವರಿಗೆ ಹೆಣ್ಣು ಕೊಡಲು ಆಗ ಯಾರೂ ಮುಂದೆ ಬರುತ್ತಿರಲಿಲ್ಲ. ಹಗಲೆಲ್ಲ ಖಟ್‌ಖಟ್ ಸಪ್ಪಳ, ಕರೆಂಟಿದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ ಎನ್ನುವುದು ಸುತ್ತ ಹತ್ತೂ ಹಳ್ಳಿಗೆ ಗೊತ್ತು. ಸಂಜಯನನ್ನು ಬೇಡವೆಂದ ಮನೆಗಳ ಲೆಕ್ಕ ಇಡುವುದನ್ನು ಸಾವಿತ್ರೆವ್ವ ಬಿಟ್ಟಿದ್ದಳು. ತೇರದಾಳದ ಹಣಮಪ್ಪನ ಮನೆ ಕೊನೆಯ ಆಸೆ. ಇದೂ ತಪ್ಪಿದರೆ ಮಗ ಒಂಟಿಯಾಗಿಯೇ ಉಳಿಯುವವನು ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಅಕ್ಕಪಕ್ಕದ ಮನೆಯವರು ಸಂಜೆ ಹೆಂಡತಿಯನ್ನು ಕೂಗುವುದು ಕೇಳಿದರೆ ಅವನಿಗೆ ಸಂಕಟವಾಗುತ್ತಿತ್ತು.

ಕನ್ಯೆ ನೋಡಲು ಹೋಗುವ ದಿನ ಮುಂಜಾನೆಯೂ ಅವನು ಜಮಖಂಡಿಯಲ್ಲೇ ಇದ್ದ. ಅಲ್ಲಿನ ಎಲೆಕ್ಟ್ರಿಕ್ ಅಂಗಡಿಯವನು ಒಂದೊಂದನ್ನೇ ತೆಗೆದು ಗೋಡೆಗೆ ಬಿಟ್ಟು ತೋರಿಸುತ್ತಿದ್ದ.

"ಇದ ನೋಡ್ರಿ. ಎರಡು ಫರ್ಲಾಂಗ್ ಬೀಳತೈತಿ ಬೆಳಕು."

"ಎರಡು ಫರ್ಲಾಂಗ್ ತಗೊಂಡು ನಾ ಏನ ಮಾಡ್ಲಿ? ನನಗ ಎರಡು ಗೇಣು ಬಿದ್ದರ ಸಾಕು. ಒಂದಿಷ್ಟು ಶಟರ್ ಎಳೀರಿ, ಕತ್ತಲಿ ಮಾಡಿ ನೋಡೂನು."

"ವ್ಯಾಪಾರದ ಹೊತ್ತಿನ್ಯಾಗ ಶಟರ್ ಎಳೀಬೇಕೇನ್ರಿ? ಛಲೋ ಗಿರಾಕಿ ಬಂದ್ರಿ!" ಎಂದ ಅಂಗಡಿಯವನು. ಆದರೂ ಅರ್ಧ ಎಳೆದ.

ಕೆಳಗಿನ ಖಾನೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಒಂದನ್ನು ಸಂಜಯನೇ ಹೆಕ್ಕಿದ. ಬೆರಳುದ್ದ, ಒಂದೇ ಸೆಲ್ಲು, ಹಳೆಯ ನಮೂನೆಯ ಗಾಜಿನ ಬಲ್ಬು, ಹಿಂದೆ ರಬ್ಬರಿನ ಟೊಪ್ಪಿಗೆ. ಬೆಳಕು ಮೆತ್ತಗೆ, ಹಳದಿ, ನಡುವೆ ಕಲೆಯಿಲ್ಲ. ನೂಲಿನ ಉಂಡೆಗಳನ್ನು ಹಿಡಿದು ನೋಡಿದ. ಮರೂನ್ ಮರೂನಾಗಿತ್ತು, ಕಂದು ಕಂದಾಗಿತ್ತು. ಆಮೇಲೆ ಅದನ್ನು ಬಾಯಲ್ಲಿಟ್ಟು ಕಚ್ಚಿ, ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿದ.

"ಅಯ್ಯ, ತಿಂದು ನೋಡಾಕತ್ತೀರೇನ್ರಿ?" ಎಂದ ಅಂಗಡಿಯವನು. "ಅದನ್ನ ಯಾರೂ ಒಯ್ಯಂಗಿಲ್ಲ. ಭಾಳ ಮಂದ ಐತಿ."

"ನನಗ ಇದ ಬೇಕು" ಎಂದ ಸಂಜಯ. ಇಷ್ಟು ಖುಷಿ ಅವನಿಗೆ ಆ ವರ್ಷದಲ್ಲಿ ಆಗಿರಲಿಲ್ಲ. ಪಾಪ, ಖುಷಿಯಾಗಲು ಬೇರೇನೂ ಘಟಿಸಿರಲಿಲ್ಲ.

ಇನ್ನು ತೇರದಾಳದ ಕಡೆಯ ಗುಟ್ಟನ್ನೂ ಹೇಳಿಬಿಡೋಣ. ಇದು ಸಂಜಯನಿಗೆ ಆಮೇಲೆ ತಿಳಿದದ್ದು, ಆದರೆ ಮುಚ್ಚಿಟ್ಟು ನಾವು ಗಳಿಸುವುದೇನಿದೆ? ಹಣಮಪ್ಪನ ಮಗಳು ಶೈಲಾಳ ಬಲಗೈಯ ಮೇಲೆ, ಮಣಿಕಟ್ಟಿನಿಂದ ಮೇಲಕ್ಕೆ, ತೊನ್ನಿನ ಬಿಳಿ ಮಚ್ಚೆಯಿತ್ತು. ನೋಡಲು ಬಂದವರೆಲ್ಲ ಅದನ್ನು ಕಂಡು, ಉಪ್ಪಿಟ್ಟು ತಿಂದು, ಕೈತೊಳೆದು ಹೋದವರೇ. ಅದಕ್ಕೇ ಹಣಮಪ್ಪ ಈ ಸಲ ತಲೆ ಓಡಿಸಿ, ಕನ್ಯೆ ನೋಡುವ ಶಾಸ್ತ್ರವನ್ನು ಸರಿಯಾಗಿ ಕರೆಂಟು ಹೋಗುವ ಹೊತ್ತಿಗೇ ಇಟ್ಟುಕೊಂಡಿದ್ದ. ಮಗಳಿಗೆ ಉದ್ದ ತೋಳಿನ ಜಂಪರು ತೊಡಿಸಿ, ಮೂಲೆಯಲ್ಲಿ ಒಂದು ಸಣ್ಣ ಚಿಮಣಿ ದೀಪ ಹಚ್ಚಿಟ್ಟಿದ್ದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದಿದ್ದಾರೆ ಹಿರಿಯರು. ಕತ್ತಲು ಮಾಡಬೇಡ ಎಂದೇನೂ ಅವರು ಹೇಳಿಲ್ಲವಲ್ಲ.

ಸಾವಿತ್ರೆವ್ವನೂ ಸಂಜಯನೂ ಬಂದು ಜಮಖಾನೆಯ ಮೇಲೆ ಕೂತರು. ಶೈಲಾ ಚಹಾ ತಂದು ಇಟ್ಟು, ಎದುರಿಗೆ ತಲೆ ತಗ್ಗಿಸಿ ಕೂತಳು. ಸೆರಗು ಮೊಣಕಾಲಿನ ಮೇಲೆ ಹರಡಿತ್ತು.

"ಕರೆಂಟ್ ನೋಡ್ರಿ, ಈಗ ಹೋಗಬೇಕಾ!" ಎಂದ ಹಣಮಪ್ಪ, ಬಹಳ ಬೇಜಾರಾದವನ ಹಾಗೆ.

"ಹುಡಿಗಿ ಮಾರಿನ ಕಾಣವಲ್ದಲ್ಲರಿ" ಎಂದಳು ಸಾವಿತ್ರೆವ್ವ. "ಸಂಜ್ಯಾ, ನಿನ್ನ ಹೊಸಾ ಬ್ಯಾಟರಿ ತಗಿ."

ಹಣಮಪ್ಪನ ಜೀವ ಬಾಯಿಗೆ ಬಂತು. "ಇರ್ಲಿ ಬಿಡ್ರಿ, ಚಿಮಣಿ ಐತೆಲ್ಲ" ಎನ್ನುವುದರೊಳಗೆ ಬೆಳಕು ಬಿದ್ದಾಗಿತ್ತು.

ಬಿದ್ದದ್ದು ಮುಖದ ಮೇಲಲ್ಲ. ಎದುರಿಗೆ ಒಂದು ಸೀರೆ, ಸುತ್ತ ಕತ್ತಲೆ, ಹೊತ್ತು ಸಂಜೆ. ಹದಿನೈದು ವರ್ಷದ ರೂಢಿಗೆ ಹೇಳುವವರು ಕೇಳುವವರು ಯಾರು? ಸಂಜಯ ಬ್ಯಾಟರಿಯನ್ನು ಹಲ್ಲಿಗೆ ಕಚ್ಚಿದ. ಮುಂದೆ ಬಾಗಿ, ಎರಡೂ ಕೈಯಿಂದ ಹುಡುಗಿಯ ಸೆರಗು ಹಿಡಿದು ಬಿಗಿಯಾಗಿ ಎಳೆದ. ಅಂಚಿನ ಮೇಲೆ ಬೆಳಕನ್ನು ಓರೆಯಾಗಿ ಓಡಿಸಿ, ಒಂದು ಕಡೆ ನಿಲ್ಲಿಸಿ, "ಹ್ಞೂಂ" ಎಂದ. ಹೆಬ್ಬೆರಳಿನಿಂದ ಆ ಜಾಗ ಒತ್ತಿ, ಬಾಯಿಂದ ಬ್ಯಾಟರಿ ತೆಗೆದು, ಅಂಗಡಿಯ ದನಿಯಲ್ಲಿ ಹೇಳಿದ:

"ಇಲ್ಲಿ ಎಳಿ ಬಿಟ್ಟೈತಿ. ಯಾರ ಮಗ್ಗದ್ದಿದು?"

ಮದುವೆ ಮಾತು ಇನ್ನೂ ಮುಗಿದಿಲ್ಲ, ಪರಪುರುಷ ಹೆಣ್ಣಿನ ಸೆರಗಿಗೆ ಕೈ ಹಾಕಿದ್ದಾನೆ. ತಾನು ಏನು ಮಾಡಿದೆ ಎಂಬುದು ಸಂಜಯನ ತಲೆಗೆ ಹತ್ತಿದ್ದು ಆಗ. ಸೆರಗು ಬಿಟ್ಟ, ಬ್ಯಾಟರಿ ಜಮಖಾನೆಯ ಮೇಲೆ ಬಿತ್ತು. ನೆಲ ಬಾಯಿಬಿಡಬಾರದೇ ಎನಿಸಿತು ಅವನಿಗೆ.

"ತಪ್ಪಾತರಿ... ರೂಢಿರಿ..." ಎಂದು ತೊದಲಿದ.

ಶೈಲಾ ಬ್ಯಾಟರಿಯನ್ನು ಎತ್ತಿಕೊಂಡಳು. ಅಪ್ಪ "ಶೈಲಾ" ಎಂದು ಹಲ್ಲು ಕಚ್ಚಿ ಕರೆದ. ಅವಳು ಕೇಳಿಸಿಕೊಳ್ಳದೆ ಬಲಗೈಯ ಮೇಲಿನ ಜಂಪರಿನ ತೋಳನ್ನು ಮೇಲಕ್ಕೆ ಸರಿಸಿ, ಮಚ್ಚೆಯ ಮೇಲೆ ಬೆಳಕು ಬಿಟ್ಟಳು.

"ಸೀರಿ ಐಬು ಹೇಳಿದ್ರಿ. ಇದು ಕಣ್ಣಿಗೆ ಬೀಳಲಿಲ್ಲೇನ್ರಿ?"

"ಬಿತ್ತರಿ" ಎಂದ ಸಂಜಯ. "ಸೆರಗು ಎಳದಾಗ ತೋಳು ಸರದಿತ್ತು."

"ಮತ್ತ ಅದನ್ನ ಯಾಕ ಹೇಳಲಿಲ್ಲ?"

ಸಂಜಯ ಯೋಚಿಸಿದ. ಅವನು ಚಂದದ ಮಾತು ಬಲ್ಲವನಲ್ಲ. "ನೇದವರು ತಪ್ಪಿದ್ದರ ನಾ ಹೇಳ್ತೀನ್ರಿ. ಇದರಾಗ ಯಾರ ತಪ್ಪೈತಿ?"

ಅಷ್ಟು ಹೊತ್ತಿಗೆ ಸಾವಿತ್ರೆವ್ವ ಎದ್ದು ನಿಂತಿದ್ದಳು. "ಏಳೋ ಸಂಜ್ಯಾ. ಕತ್ತಲ್ಯಾಗ ಕುಂದ್ರಿಸಿ ನಮ್ಮ ಕಣ್ಣಾಗ ಮಣ್ಣು ಹಾಕಾಕತ್ತಾರ ಇವರು. ಎಂಥಾ ಮೋಸ ಇದು! ಏಳಂತೀನಿ." ಅವಳು ಬಾಗಿಲಿಗೆ ಹೋಗಿ ಕಾಲಿನಿಂದ ಚಪ್ಪಲಿ ತಡಕತೊಡಗಿದಳು. ಹಣಮಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಇದೂ ಹೋಯಿತು.

ಸಂಜಯ ಏಳಲಿಲ್ಲ. ಮಂದಿಯ ಮುಂದೆ ಅವ್ವನಿಗೆ ಅವನು ಎಂದೂ ಎದುರಾಡಿದವನಲ್ಲ.

"ಮೋಸ ನಮ್ಮದೂ ಐತೆಲ್ಲ ಬೇ" ಎಂದ.

ಹಾಗೆಂದು ಶೈಲಾಳ ಮುಂದೆ ತಲೆ ಬಗ್ಗಿಸಿದ. "ಬೆಳಕು ಬಿಡ್ರಿ. ಕೂದಲ ಬುಡ ನೋಡ್ರಿ."

"ಅಯ್ಯ ನನ್ನ ಶಿವನ!" ಎಂದಳು ಸಾವಿತ್ರೆವ್ವ ಬಾಗಿಲಿನಿಂದ.

ಶೈಲಾ ಬಗ್ಗಿ ನೋಡಿದಳು. ಮಧ್ಯಾಹ್ನ ಹಚ್ಚಿದ ಡೈ ಇನ್ನೂ ವಾಸನೆ ಹೊಡೆಯುತ್ತಿತ್ತು. ಮೇಲೆ ಇದ್ದಿಲಿನಂಥ ಕಪ್ಪು, ಕೆಳಗೆ ಬುಡವೆಲ್ಲ ಬಿಳಿ. ಎಷ್ಟೋ ವರ್ಷಗಳಿಂದ ಮಂದಿಯೇ ಬಂದು ಅವಳನ್ನು ನೋಡಿ ಹೋಗಿದ್ದರು. ನೋಡುವ ಸರದಿ ಅವಳಿಗೆ ಬಂದಿರಲಿಲ್ಲ. ಅವಳು ಅವಸರ ಮಾಡಲಿಲ್ಲ.

"ಕಿವಿ ಹಿಂದ ಹಚ್ಚೇ ಇಲ್ಲ" ಎಂದಳು.

"ಅವ್ವ ಹಚ್ಚಿದ್ದು. ಅಕಿಗೆ ಕಣ್ಣು ಸರಿ ಕಾಣಂಗಿಲ್ಲ."

"ಖರೆ ಎಷ್ಟರಿ ನಿಮಗ?"

"ಮೂವತ್ತೆಂಟು. ನಿಮ್ಮ ಮುಂದ ಮೂವತ್ತೆರಡು ಅಂತ ಹೇಳ್ಯಾರ."

"ನನಗ ಮೂವತ್ನಾಕು. ಅಪ್ಪ ಇಪ್ಪತ್ತೆಂಟು ಹೇಳ್ಯಾನ."

ಹಣಮಪ್ಪ ಕೆಮ್ಮಿದ. ಶೈಲಾ ಸಣ್ಣಗೆ ನಕ್ಕಳು. ಆ ನಗೆಗೆ ಸಂಜಯನೂ ನಗಬೇಕೆಂದುಕೊಂಡ, ಆದರೆ ನಗು ಬರಲಿಲ್ಲ. ಇವಳು ಈಗ ಬೇಡ ಎಂದರೆ ತಾನು ಬಸ್ಸಿನಲ್ಲಿ ಅವ್ವನ ಪಕ್ಕ ಹೇಗೆ ಕೂತು ಹೋಗಲಿ ಎಂದು ಹೆದರಿಕೆಯಾಯಿತು.

ಕರೆಂಟು ಬಂತು. ಹೊತ್ತಿಗೆ ಮುಂಚೆಯೇ ಬಂತು, ಯಾಕೆ ಬಂತೋ. ಟ್ಯೂಬ್‌ಲೈಟು ಎರಡು ಸಲ ಕಣ್ಣು ಪಿಳುಕಿಸಿ ಹತ್ತಿಕೊಂಡಿತು. ಯಾರು ಎಲ್ಲಿದ್ದರೋ ಹಾಗೇ ಕಂಡರು: ಬಾಗಿಲಲ್ಲಿ ಒಂದೇ ಚಪ್ಪಲಿ ಮೆಟ್ಟಿದ ಸಾವಿತ್ರೆವ್ವ, ಗೋಡೆಗೊರಗಿದ ಹಣಮಪ್ಪ, ನಡುವೆ ತಲೆ ಬಗ್ಗಿಸಿದ ಗಂಡು, ತೋಳು ಮೇಲೆ ಮಾಡಿಕೊಂಡ ಹೆಣ್ಣು. ಶೈಲಾ ತೋಳನ್ನು ಇಳಿಸಲಿಲ್ಲ.

"ಅಪ್ಪಾ" ಎಂದಳು. "ಇಷ್ಟ ವರ್ಷ ಬಂದವರನ್ನೆಲ್ಲ ಹುಡಿಗಿ ಒಪ್ಪಿಗಿ ಆತೇನ್ರಿ ಅಂತ ಕೇಳಿದಿ. ನನ್ನ ಒಮ್ಮ್ಯಾರ ಕೇಳಿದಿಯೇನು?"

ಹಣಮಪ್ಪ ಮಗಳ ಕಡೆ ನೋಡಿದ. "ಇಲ್ಲವಾ."

"ಹಂಗಾರ ಈಗ ಕೇಳು."

ಹಣಮಪ್ಪ ಗೋಡೆ ಬಿಟ್ಟು ನೆಟ್ಟಗೆ ಕೂತ. ಬಾಗಿಲ ಕಡೆ ನೋಡಿದ, ಬೀಗತಿಯಾಗಬೇಕಿದ್ದವಳು ಹೊಸ್ತಿಲ ಮೇಲೆಯೇ ಇದ್ದಳು. ಆಮೇಲೆ ಮೆಲ್ಲಗೆ ಕೇಳಿದ:

"ನಿನಗ ಒಪ್ಪಿಗಿ ಐತೇನವಾ?"

"ಐತಿ" ಎಂದಳು ಶೈಲಾ. "ಇನ್ನ ಅವರ ಅವ್ವನ್ನ ಕೇಳು."

ಮಗನ ಕಿವಿಯ ಹಿಂದೆ ತಾನು ಬಿಟ್ಟ ಬಿಳಿಯ ಪಟ್ಟಿ ಈಗ ಟ್ಯೂಬ್‌ಲೈಟಿನಲ್ಲಿ ಸಾವಿತ್ರೆವ್ವನಿಗೂ ಕಾಣುತ್ತಿತ್ತು. ಮೆಟ್ಟಿದ ಒಂದು ಚಪ್ಪಲಿಯನ್ನು ಬಿಟ್ಟು ಒಳಗೆ ಬಂದು, ಆರಿಹೋದ ಚಹಾದ ಬಟ್ಟಲು ಎತ್ತಿಕೊಂಡಳು. "ಇದನ್ನ ಬಿಸಿ ಮಾಡಿ ಕೊಡವಾ" ಎಂದಳು.

ಸಂಜಯ ಇನ್ನೂ ತಲೆ ಬಗ್ಗಿಸಿಯೇ ಕೂತಿದ್ದ. ಎತ್ತಿದರೆ ಅಳುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು.